ಬಿಬಿಸಿಯ ‘ಕ್ವೆಶ್ಚನ್ ಟೈಮ್’: ಐದನೆಯ ಕುರ್ಚಿಯ ಲೆಕ್ಕ

ಗುರುವಾರ ರಾತ್ರಿ ಬಿಬಿಸಿ ಒನ್ ವಾಹಿನಿಯಲ್ಲಿ ಬರುವ, ಸಭಿಕರ ಪ್ರಶ್ನೆಗಳಿಗೆ ರಾಜಕಾರಣಿಗಳೂ ಇತರ ಅತಿಥಿಗಳೂ ಉತ್ತರಿಸುವ ಚರ್ಚಾ ಕಾರ್ಯಕ್ರಮ ‘ಕ್ವೆಶ್ಚನ್ ಟೈಮ್’ ಬಗ್ಗೆ ಬ್ರಿಟನ್ನಿನ ಎಡಪಂಥೀಯರದು ಒಂದು ದೂರು, ಬಲಪಂಥೀಯರದು ಇನ್ನೊಂದು. ಬಲಕ್ಕೆ ವಾಲಿದೆ ಎಂದು ಅವರು, ಎಡಕ್ಕೆ ವಾಲಿದೆ ಎಂದು ಇವರು. ಇಬ್ಬರೂ ಬೈಯುತ್ತಿದ್ದಾರೆ, ಹಾಗಾದರೆ ನಾವು ಸರಿಯಾಗಿಯೇ ಇದ್ದೇವೆ ಎಂದು ಪ್ರಸಾರಕರು ಸಮಾಧಾನ ಹೇಳಿಕೊಳ್ಳುವುದುಂಟು. ಈ ಸಮಾಧಾನವನ್ನು ಒಪ್ಪಬಾರದು. ದೂರಿದ ಇಬ್ಬರಲ್ಲಿ ಒಬ್ಬರ ಮಾತು ನಿಜವಿರಬಹುದು. ಇಬ್ಬರ ಮಾತೂ ಬೇರೆಬೇರೆ ಭಾಗಗಳ ಬಗ್ಗೆ ನಿಜವಿರಬಹುದು. ಟಿವಿ ಚರ್ಚೆಗೆ ಹಲವು ಬಿಡಿಭಾಗಗಳಿವೆ: ಪ್ಯಾನೆಲ್, ಸಭಿಕರು, ಪ್ರಶ್ನೆಗಳ ಆಯ್ಕೆ, ನಿರೂಪಣೆ, ಕ್ಯಾಮೆರಾ, ಆಮೇಲೆ ಹರಿದಾಡುವ ತುಣುಕು ವಿಡಿಯೊ. ಒಂದೊಂದನ್ನೂ ಬೇರೆಯಾಗಿ ಪರೀಕ್ಷಿಸಿದರೆ, ಎಣಿಕೆಗೆ ಸಿಗುವ ಕಡೆಗಳಲ್ಲಿ ಈ ಕಾರ್ಯಕ್ರಮ ತುಂಬ ಎಚ್ಚರದಿಂದಿರುವುದು ಕಾಣುತ್ತದೆ. ವಾಲುವುದು ಯಾರೂ ಎಣಿಸದ ಜಾಗಗಳಲ್ಲಿ.

ಮೊದಲಿಗೆ ಕಾರ್ಯಕ್ರಮದ ಸ್ವರೂಪ. 1979ರ ಸೆಪ್ಟೆಂಬರ್ 25ರಂದು ಮೊದಲ ಕಂತು ಬಂತು. ರೇಡಿಯೊದಲ್ಲಿ 1948ರಿಂದ ನಡೆಯುತ್ತಿದ್ದ ‘ಎನಿ ಕ್ವೆಶ್ಚನ್ಸ್?’ ಅದಕ್ಕೆ ಮಾದರಿ. ಆ ಮೊದಲ ರಾತ್ರಿ ಕುಳಿತವರು ಲೇಬರ್ ಪಕ್ಷದ ಮೈಕೆಲ್ ಫುಟ್, ಕನ್ಸರ್ವೇಟಿವ್ ಪಕ್ಷದ ಟೆಡ್ಡಿ ಟೇಲರ್, ಕಾದಂಬರಿಕಾರ್ತಿ ಎಡ್ನಾ ಓಬ್ರಿಯನ್, ಲಿವರ್‌ಪೂಲ್‌ನ ಆರ್ಚ್‌ಬಿಷಪ್ ಡೆರೆಕ್ ವರ್ಲಾಕ್. ಇಬ್ಬರು ರಾಜಕಾರಣಿಗಳು, ಇಬ್ಬರು ಹೊರಗಿನವರು. ಈ ಅರ್ಧಕ್ಕರ್ಧದ ಹಂಚಿಕೆಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ನಿರೂಪಕರಾಗಿ ರಾಬಿನ್ ಡೇ ಹತ್ತು ವರ್ಷ, ಪೀಟರ್ ಸಿಸನ್ಸ್ 1993ರವರೆಗೆ, ಡೇವಿಡ್ ಡಿಂಬಲ್‌ಬಿ 1994ರಿಂದ 2018ರ ಕೊನೆಯವರೆಗೆ, 2019ರ ಜನವರಿಯಿಂದ ಫಿಯೋನಾ ಬ್ರೂಸ್. ವಾರಕ್ಕೊಂದು ಊರಿನಲ್ಲಿ, ಸುಮಾರು 150 ಸಭಿಕರ ಎದುರು, ಪ್ರಸಾರಕ್ಕೆ ಕೆಲವು ಗಂಟೆ ಮುಂಚೆ ಚಿತ್ರೀಕರಣ ಮುಗಿಯುತ್ತದೆ. ನೇರಪ್ರಸಾರದಂತೆಯೇ ಒಂದೇ ಓಟದಲ್ಲಿ ಚಿತ್ರೀಕರಿಸುವುದರಿಂದ ಕತ್ತರಿಗೆ ಹೆಚ್ಚು ಕೆಲಸವಿಲ್ಲ. ಇದು ಕಾರ್ಯಕ್ರಮದ ದೊಡ್ಡ ಬಲ.

ಕಿಟಕಿ ಕಿಟಕಿಯಾಗಿ ಎಂಟು ತಲೆಗಳನ್ನು ತೋರಿಸುವ, ಯಾರ ಮೈಕು ಯಾವಾಗ ತಗ್ಗಿತು ಎಂದೇ ತಿಳಿಯದ ಚರ್ಚೆಗಳಿಗಿಂತ ಈ ವಿನ್ಯಾಸ ಎಷ್ಟೋ ಮೇಲು. ಕಿಟಕಿ ಚರ್ಚೆಯಲ್ಲಿ ಧ್ವನಿಯ ಹಿಡಿತ ಪೂರ್ತಿಯಾಗಿ ಕಂಟ್ರೋಲ್ ರೂಮಿನ ಕೈಯಲ್ಲಿರುತ್ತದೆ. ಒಬ್ಬರ ಧ್ವನಿಯನ್ನು ಸ್ವಲ್ಪ ಇಳಿಸಿ, ಆ್ಯಂಕರ್ ಧ್ವನಿಯನ್ನು ಏರಿಸಿದರೆ ಸಾಕು, ಆತ ಉತ್ತರವಿಲ್ಲದೆ ತಡವರಿಸಿದಂತೆ ಕಾಣುತ್ತಾನೆ. ಒಂದೇ ಮೇಜಿನ ಸುತ್ತ ಕೂತವರಿಗೆ ಹಾಗೆ ಮಾಡುವುದು ಕಷ್ಟ. ಒಬ್ಬರ ಮಾತು ಪಕ್ಕದವರ ಮೈಕಿಗೂ ಬೀಳುತ್ತದೆ, ಎದುರಿಗಿರುವ 150 ಜನರ ಕಿವಿಗೂ ಬೀಳುತ್ತದೆ.

ಇನ್ನು ಪ್ಯಾನೆಲ್. ಇಪ್ಪತ್ತು ವರ್ಷ ನಾಲ್ಕೇ ಕುರ್ಚಿಗಳಿದ್ದವು, 1999ರಲ್ಲಿ ಐದಾದವು. ಈಗಲೂ ಸಾಮಾನ್ಯವಾಗಿ ಐದು, ಕೆಲವು ಕಂತುಗಳಲ್ಲಿ ನಾಲ್ಕು. ಒಂದು ಕುರ್ಚಿ ಸರ್ಕಾರದ ಕಡೆಯವರಿಗೆ, ಒಂದು ಮುಖ್ಯ ವಿರೋಧ ಪಕ್ಷಕ್ಕೆ. ಮೂರನೆಯದು ಲಿಬರಲ್ ಡೆಮಾಕ್ರಾಟ್, ಎಸ್‌ಎನ್‌ಪಿ (ಸ್ಕಾಟಿಷ್ ನ್ಯಾಷನಲ್ ಪಾರ್ಟಿ), ಗ್ರೀನ್, ರಿಫಾರ್ಮ್ ಯುಕೆ ಮುಂತಾದ ಪಕ್ಷಗಳ ನಡುವೆ ಸರದಿಯಲ್ಲಿ ಸುತ್ತುತ್ತದೆ. ಉಳಿದೆರಡರಲ್ಲಿ ಪತ್ರಕರ್ತರು, ಉದ್ಯಮಿಗಳು, ಸಂಘಟನೆಗಳ ಮುಂದಾಳುಗಳು, ಲೇಖಕರು, ನಟರು. ಮೊದಲ ಎರಡು ಕುರ್ಚಿಗಳ ಬಗ್ಗೆ ಜಗಳವೇ ಇಲ್ಲ. ಮೂರನೆಯದರಿಂದ ಗಂಟು ಶುರುವಾಗುತ್ತದೆ.

ಮೂರನೆಯ ಕುರ್ಚಿಯನ್ನು ಯಾವ ಅಳತೆಯಿಂದ ಹಂಚಬೇಕು, ಸ್ಥಾನಗಳಿಂದಲೋ ಮತಗಳಿಂದಲೋ? ಬ್ರಿಟನ್ನಿನ ಚುನಾವಣಾ ಪದ್ಧತಿಯಲ್ಲಿ ಎರಡೂ ಒಂದಕ್ಕೊಂದು ತಾಳೆಯಾಗುವುದಿಲ್ಲ. 2015ರ ಚುನಾವಣೆಯಲ್ಲಿ, ಯುರೋಪಿಯನ್ ಒಕ್ಕೂಟ ಬಿಡಬೇಕೆನ್ನುತ್ತಿದ್ದ ಯುಕಿಪ್ ಪಕ್ಷಕ್ಕೆ ಶೇ 12.6 ಮತ ಬಿದ್ದು ಸಿಕ್ಕಿದ್ದು ಒಂದೇ ಸ್ಥಾನ. ಎಸ್‌ಎನ್‌ಪಿಗೆ ಇಡೀ ದೇಶದ ಲೆಕ್ಕದಲ್ಲಿ ಶೇ 4.7 ಮತ, ಆದರೆ 56 ಸ್ಥಾನ, ಏಕೆಂದರೆ ಅದು ಸ್ಪರ್ಧಿಸುವುದು ಸ್ಕಾಟ್ಲೆಂಡಿನಲ್ಲಿ ಮಾತ್ರ. 2024ರಲ್ಲಿ ರಿಫಾರ್ಮ್ ಯುಕೆ ಶೇ 14.3 ಮತಕ್ಕೆ 5 ಸ್ಥಾನ ಪಡೆದರೆ, ಅದಕ್ಕಿಂತ ಕಡಿಮೆ, ಅಂದರೆ ಶೇ 12.2 ಮತ ಪಡೆದ ಲಿಬರಲ್ ಡೆಮಾಕ್ರಾಟರು 72 ಸ್ಥಾನ ಗೆದ್ದರು. ಸ್ಥಾನ ನೋಡಿ ಕರೆದರೆ ರಿಫಾರ್ಮ್ ಬೆಂಬಲಿಗರಿಗೆ ಅನ್ಯಾಯ, ಮತ ನೋಡಿ ಕರೆದರೆ ಲಿಬರಲ್ ಡೆಮಾಕ್ರಾಟರಿಗೆ ಅನ್ಯಾಯ. ಎರಡನ್ನೂ ಬೆರೆಸಿ, ಜನಮತ ಸಮೀಕ್ಷೆಗಳನ್ನೂ ಸೇರಿಸಿ ತೀರ್ಮಾನಿಸಿದರೆ ಸಂಪಾದಕರ ಕೈಯಲ್ಲಿ ವಿವೇಚನೆ ಹೆಚ್ಚುತ್ತದೆ, ಅದರ ಜೊತೆಗೇ ಸಂಶಯವೂ ಹೆಚ್ಚುತ್ತದೆ.

ಮೊದಲು ಯುಕಿಪ್‌ನ, ಆಮೇಲೆ ರಿಫಾರ್ಮ್ ಯುಕೆಯ ನಾಯಕರಾದ ನೈಜೆಲ್ ಫರಾಜ್ ಪ್ರಸಂಗವನ್ನು ಈ ಬೆಳಕಿನಲ್ಲಿ ನೋಡಬೇಕು. ಅವರು ಈ ಪ್ಯಾನೆಲ್‌ನಲ್ಲಿ 30ಕ್ಕೂ ಹೆಚ್ಚು ಬಾರಿ ಕೂತಿದ್ದಾರೆ. 2024ರ ಜುಲೈನಲ್ಲಿ ಕ್ಲಾಕ್ಟನ್‌ನಿಂದ ಗೆಲ್ಲುವ ಮುನ್ನ ಬ್ರಿಟಿಷ್ ಸಂಸತ್ತಿಗೆ ಏಳು ಬಾರಿ ಸ್ಪರ್ಧಿಸಿ ಸೋತಿದ್ದರು. ಎಡದವರ ದೂರಿನ ಮುಖ್ಯ ಸಾಕ್ಷ್ಯ ಇದೇ. ಆದರೆ 1999ರಿಂದ 2020ರವರೆಗೆ ಅವರು ಯುರೋಪಿಯನ್ ಸಂಸತ್ತಿನ ಸದಸ್ಯರಾಗಿದ್ದರು, 2014ರ ಯುರೋಪಿಯನ್ ಚುನಾವಣೆಯಲ್ಲಿ ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೆ ಬಂದದ್ದು ಅವರ ಆಗಿನ ಪಕ್ಷ ಯುಕಿಪ್ಪೇ. ಪಕ್ಷಕ್ಕೆ ಕುರ್ಚಿ ಕೊಟ್ಟದ್ದು ತಪ್ಪಲ್ಲ. ಆ ಕುರ್ಚಿ ಮತ್ತೆಮತ್ತೆ ಒಬ್ಬರಿಗೇ ಹೋದದ್ದು ತಪ್ಪು. ಮಾತಿನ ಚುರುಕು, ಕೋಣೆಯನ್ನು ಕಾವೇರಿಸುವ ಶಕ್ತಿ ಇರುವವರನ್ನು ನಿರ್ಮಾಪಕರು ಮತ್ತೆ ಮತ್ತೆ ಕರೆಯುತ್ತಾರೆ. ಅದರಲ್ಲಿ ಪಕ್ಷದ ಒಲವಿಗಿಂತ ಟಿವಿಯ ಹಸಿವು ದೊಡ್ಡದು. ಪರಿಣಾಮ ಮಾತ್ರ ಪಕ್ಷಪಾತದ್ದೇ: ಹತ್ತು ವರ್ಷ ಒಂದೇ ಮುಖ ನೋಡಿದ ವೀಕ್ಷಕರಿಗೆ ಆ ಮುಖ ಅದು ಗಳಿಸಿದ ಮತಗಳಿಗಿಂತ ದೊಡ್ಡದಾಗಿ ಕಾಣತೊಡಗುತ್ತದೆ.

ಈಗ ಪಕ್ಷವಿಲ್ಲದವರ ಕುರ್ಚಿಗಳು. ನಾಲ್ಕನೆಯದು, ಐದನೆಯದು. ಕಾರ್ಯಕ್ರಮದ ಅಸಲು ದೌರ್ಬಲ್ಯ ಇಲ್ಲಿದೆ. ರಾಜಕಾರಣಿಯ ಎದೆಯ ಮೇಲೆ ಪಕ್ಷದ ಚೀಟಿ ಅಂಟಿರುತ್ತದೆ. ವರ್ಷದ ಕೊನೆಗೆ ಲೆಕ್ಕ ಕೂಡಿಸಿ, ಇವರಿಗೆ ಇಷ್ಟು, ಅವರಿಗೆ ಇಷ್ಟು ಎಂದು ತೋರಿಸಬಹುದು. ‘ಪತ್ರಕರ್ತೆ’, ‘ಅಂಕಣಕಾರ’, ‘ಉದ್ಯಮಿ’ ಎಂಬ ಚೀಟಿಗಳಿಗೆ ಆ ಲೆಕ್ಕವಿಲ್ಲ. ಒಂಬತ್ತು ವರ್ಷಗಳ ಕಂತುಗಳನ್ನು ಪರಿಶೀಲಿಸಿದ ಕಾರ್ಡಿಫ್ ವಿಶ್ವವಿದ್ಯಾಲಯದ ಅಧ್ಯಯನವೊಂದು 2024ರಲ್ಲಿ ಹೇಳಿದ್ದೂ ಇದನ್ನೇ: ಪಕ್ಷಗಳ ನಡುವಿನ ಹಂಚಿಕೆ ಬಹುಮಟ್ಟಿಗೆ ಸರಿಯಿದೆ, ಆದರೆ ರಾಜಕಾರಣಿಗಳಲ್ಲದ ಅತಿಥಿಗಳಲ್ಲಿ ಅತಿ ಹೆಚ್ಚು ಬಾರಿ ಬಂದವರು ಬಲಪಂಥೀಯ ಪತ್ರಿಕೆಗಳ ಬೆರಳೆಣಿಕೆಯ ಬರಹಗಾರರು. ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಬ್ರಿಟನ್ನಿನ ರಾಷ್ಟ್ರೀಯ ಪತ್ರಿಕೆಗಳಲ್ಲೇ ಬಲದ ಕಡೆಯವು ಹೆಚ್ಚು. ಅಲ್ಲಿನ ಅಂಕಣಕಾರರು ಟಿವಿಗೆ ಪಳಗಿದವರು. ಬುಧವಾರ ಒಬ್ಬ ಅತಿಥಿ ಕೈಕೊಟ್ಟರೆ ಗುರುವಾರ ಸಂಜೆ ಬೇರೆ ಊರಿಗೆ ರೈಲು ಹತ್ತಿ ಬರಲು ಸಿದ್ಧರಿರುವವರು ಅವರೇ. ವಿಜ್ಞಾನಿ, ವೈದ್ಯೆ, ಕಾರ್ಮಿಕ ಸಂಘದ ಸ್ಥಳೀಯ ಕಾರ್ಯದರ್ಶಿ ಇವರನ್ನು ಕರೆತರಲು ವಾರಗಟ್ಟಲೆ ಮುಂಚೆ ಕೆಲಸ ಮಾಡಬೇಕು. ಯಾರೂ ಸಂಚು ಮಾಡದಿದ್ದರೂ, ಆತುರದ ಆಯ್ಕೆಗಳು ಒಂದೇ ದಿಕ್ಕಿಗೆ ಬಿದ್ದರೆ ವರ್ಷದ ಕೊನೆಗೆ ಒಟ್ಟು ಮೊತ್ತ ವಾಲಿರುತ್ತದೆ.

1979ರ ಮೊದಲ ಪ್ಯಾನೆಲ್‌ನ ಹೊರಗಿನವರಿಬ್ಬರನ್ನು ಈಗ ನೆನಪಿಸಿಕೊಳ್ಳಿ: ಒಬ್ಬ ಲೇಖಕಿ, ಒಬ್ಬ ಧರ್ಮಗುರು. ಇಬ್ಬರೂ ರಾಜಕೀಯ ಅಭಿಪ್ರಾಯ ಹೇಳುವುದನ್ನೇ ಹೊಟ್ಟೆಪಾಡು ಮಾಡಿಕೊಂಡವರಲ್ಲ. ವೃತ್ತಿಪರ ಅಭಿಪ್ರಾಯಗಾರರಿಗೆ ಹೊರಗಿನವರ ಕುರ್ಚಿ ಕೊಟ್ಟಾಗ ಆ ಕುರ್ಚಿಯ ಉದ್ದೇಶವೇ ಹೋಗುತ್ತದೆ. ಪಕ್ಷದ ಶಿಸ್ತಿಲ್ಲ, ಮತದಾರರಿಗೆ ಉತ್ತರ ಕೊಡುವ ಹೊಣೆಯಿಲ್ಲ, ಹೀಗಿರುವಾಗ ಅವರ ಮಾತು ರಾಜಕಾರಣಿಗಳ ಮಾತಿಗಿಂತ ಖಾರವಾಗಿರುತ್ತದೆ, ಚಪ್ಪಾಳೆಯೂ ಹೆಚ್ಚು ಗಿಟ್ಟುತ್ತದೆ. ಇದಕ್ಕೊಂದು ಸರಳ ಪರಿಹಾರವಿದೆ: ಅತಿಥಿಯ ಹೆಸರಿನ ಕೆಳಗೆ ‘ಪತ್ರಕರ್ತೆ’ ಎಂದಷ್ಟೇ ಹಾಕದೆ ಯಾವ ಪತ್ರಿಕೆ, ಹಿಂದೆ ಯಾವ ಪಕ್ಷಕ್ಕೆ ಸಲಹೆಗಾರರಾಗಿದ್ದರು, ಯಾವ ಸಂಸ್ಥೆಯಿಂದ ಸಂಬಳ ಎಂಬುದನ್ನೂ ಹಾಕುವುದು. ಪರದೆಯ ಮೇಲೆ ಎರಡು ಸಾಲಿನ ಜಾಗ ಸಾಕು.

ಸಭಿಕರ ವಿಷಯಕ್ಕೆ ಬಂದರೆ ಕಾರ್ಯಕ್ರಮದ ಶ್ರಮವನ್ನು ಮೆಚ್ಚಲೇಬೇಕು. ಸಭೆಗೆ ಬರಬಯಸುವವರು ಅರ್ಜಿ ತುಂಬಬೇಕು: ಯಾವ ಪಕ್ಷಕ್ಕೆ ಒಲವು, ಕಳೆದ ಸಲ ಯಾರಿಗೆ ಮತ, ಬ್ರೆಕ್ಸಿಟ್ ಜನಮತದಲ್ಲಿ ಯಾವ ಕಡೆ, ಯಾವುದಾದರೂ ಪಕ್ಷದ ಸದಸ್ಯತ್ವ ಇದೆಯೇ. ಆ ಉತ್ತರಗಳ ಮೇಲೆ ಸಭೆಯನ್ನು ಹದ ಮಾಡುತ್ತಾರೆ. ತೊಂದರೆ ಮೂರು ಕಡೆ. ಒಂದು, ಅರ್ಜಿಯಲ್ಲಿ ಸುಳ್ಳು ಬರೆದರೆ ಹಿಡಿಯುವುದು ಕಷ್ಟ. ಸ್ಕಾಟ್ಲೆಂಡಿನಲ್ಲಿ ಒಂದು ಪಕ್ಷದ ಮಾಜಿ ಅಭ್ಯರ್ಥಿಯೊಬ್ಬರು ಒಂದಕ್ಕಿಂತ ಹೆಚ್ಚು ಕಂತುಗಳಲ್ಲಿ ಸಾಮಾನ್ಯ ಸಭಿಕರಾಗಿ ಕುಳಿತು ಮಾತಾಡಿದ್ದು ಬಯಲಾಗಿ ಗದ್ದಲವಾಗಿತ್ತು. ಎರಡು, ಊರು ಒಂದು ಕಡೆ ವಾಲಿರುವಾಗ ಸಭೆಯನ್ನು ದೇಶದ ಲೆಕ್ಕಕ್ಕೆ ಹೊಂದಿಸಬೇಕೇ, ಊರಿನ ಲೆಕ್ಕಕ್ಕೆ ಹೊಂದಿಸಬೇಕೇ? ಯಾವುದನ್ನು ಆರಿಸಿದರೂ ಇನ್ನೊಬ್ಬರಿಗೆ ಅದು ತಿರುಚಿದ ಸಭೆ. ಮೂರು, ಸಭೆಯಲ್ಲಿ ಕೂರುವ ಅನುಪಾತವೇ ಬೇರೆ, ಕೈ ಎತ್ತುವ ಅನುಪಾತವೇ ಬೇರೆ. 150 ಜನರಲ್ಲಿ ಮಾತಾಡುವ ಅವಕಾಶ ಸಿಗುವುದು ಕೆಲವರಿಗಷ್ಟೆ. ಸಂಘಟಿತ ಪಕ್ಷದ ಕಾರ್ಯಕರ್ತರು ಕೈ ಎತ್ತುವುದರಲ್ಲಿ ಪಳಗಿದವರು. ಇನ್ನೂ ನಿರ್ಧರಿಸದವರು ಸುಮ್ಮನೆ ಕೂರುತ್ತಾರೆ.

2023ರ ಜೂನ್‌ನಲ್ಲಿ ಕ್ಲಾಕ್ಟನ್‌ನಲ್ಲಿ ನಡೆದ ಬ್ರೆಕ್ಸಿಟ್ ವಿಶೇಷ ಕಂತು ಈ ವಿಷಯದಲ್ಲಿ ಒಳ್ಳೆಯ ಪ್ರಯೋಗ. ಯುರೋಪಿಯನ್ ಒಕ್ಕೂಟ ಬಿಡಬೇಕೆಂದು 2016ರಲ್ಲಿ ಮತ ಹಾಕಿದವರನ್ನು ಮಾತ್ರ ಸಭೆಗೆ ಕರೆದರು, ಹಾಗೆಂದು ಮೊದಲೇ ಬಾಯಿಬಿಟ್ಟು ಹೇಳಿದರು. ಸಮತೋಲನ ಎಲ್ಲಿ ಎಂದು ಹಲವರು ಕೇಳಿದ್ದರು. ಆದರೆ ಒಂದು ಪಾಳೆಯದ ಒಳಗೇ ಎಷ್ಟು ಬಗೆಯ ಅಭಿಪ್ರಾಯಗಳಿವೆ ಎಂಬುದು, ಪಶ್ಚಾತ್ತಾಪದಿಂದ ಹಿಡಿದು ಇನ್ನೂ ಗಟ್ಟಿಯಾಗಿ ಹೊರಬರಬೇಕಿತ್ತು ಎಂಬುವವರೆಗೆ, ಅಲ್ಲಿ ಕಂಡಿತು. ಸಮಾನ ಸಂಖ್ಯೆಯ ಎರಡು ಪಾಳೆಯಗಳನ್ನು ಎದುರುಬದುರು ಕೂರಿಸಿದಾಗ ಈ ಸೂಕ್ಷ್ಮ ಕಾಣಿಸುವುದಿಲ್ಲ, ಪ್ರತಿಯೊಬ್ಬರೂ ತಮ್ಮ ಕಡೆಯ ವಕೀಲರಾಗಿಬಿಡುತ್ತಾರೆ. ಸಭೆಯ ರಚನೆಯನ್ನು ಬಿಚ್ಚಿಟ್ಟು ಹೇಳಿದರೆ ಸಮನಾಗಿರದ ಸಭೆಯೂ ಪ್ರಾಮಾಣಿಕವಾಗಿರಬಲ್ಲದು.

ಚಪ್ಪಾಳೆಯನ್ನು ನಂಬಬೇಡಿ. ಸಭಿಕರ ಮಾತು ಹಿಡಿಯಲು ಉದ್ದ ಕೋಲಿನ ಮೈಕುಗಳು ಸಭೆಯ ಮೇಲೆ ಓಡಾಡುತ್ತಿರುತ್ತವೆ. ಅವುಗಳ ಹತ್ತಿರ ಕೂತ ಇಪ್ಪತ್ತು ಜನ ಜೋರಾಗಿ ಚಪ್ಪಾಳೆ ತಟ್ಟಿದರೆ ಮನೆಯಲ್ಲಿ ಕೂತವರಿಗೆ ಇಡೀ ಸಭೆ ಎದ್ದಂತೆ ಕೇಳಬಹುದು. 2010ರಲ್ಲಿ ಬ್ರಿಟನ್ ಮೊದಲ ಬಾರಿ ಪಕ್ಷನಾಯಕರ ಚುನಾವಣಾ ಚರ್ಚೆಗಳನ್ನು ಟಿವಿಯಲ್ಲಿ ನಡೆಸಿದಾಗ ಪಕ್ಷಗಳೂ ವಾಹಿನಿಗಳೂ ಕೂತು 76 ನಿಯಮಗಳನ್ನು ಒಪ್ಪಿಕೊಂಡಿದ್ದವು. ಚರ್ಚೆಯ ನಡುವೆ ಸಭಿಕರು ಚಪ್ಪಾಳೆ ತಟ್ಟುವಂತಿರಲಿಲ್ಲ. ಆ ಚರ್ಚೆಗಳು ಸಪ್ಪೆ ಎಂದು ಟೀಕಿಸಿದವರಿದ್ದರು. ಆದರೆ ಯಾವ ವಾದ ಗಟ್ಟಿ, ಯಾವುದು ಪೊಳ್ಳು ಎಂದು ಸದ್ದಿನ ಒತ್ತಡವಿಲ್ಲದೆ ತೀರ್ಮಾನಿಸಲು ಅಲ್ಲಿ ಸಾಧ್ಯವಿತ್ತು. ಕ್ವೆಶ್ಚನ್ ಟೈಮ್ ಆ ದಾರಿ ಹಿಡಿಯಬೇಕಿಲ್ಲ, ಸಭೆಯ ಕಾವು ಅದರ ಜೀವ. ಚಪ್ಪಾಳೆಯನ್ನು ಅಭಿಪ್ರಾಯ ಸಮೀಕ್ಷೆಯೆಂದು ವೀಕ್ಷಕರು ತಿಳಿಯದಿದ್ದರೆ ಸಾಕು.

ಪ್ರಶ್ನೆಗಳ ಆಯ್ಕೆಯ ಬಗ್ಗೆ ಅಷ್ಟಾಗಿ ಚರ್ಚೆ ನಡೆಯುವುದಿಲ್ಲ, ನಡೆಯಬೇಕಿತ್ತು. ಸಭಿಕರು ಬರೆದುಕೊಟ್ಟ ಪ್ರಶ್ನೆಗಳಲ್ಲಿ ನಿರ್ಮಾಪಕರ ತಂಡ ಕೆಲವನ್ನು ಆರಿಸುತ್ತದೆ. ಪ್ಯಾನೆಲ್‌ನವರಿಗೆ ಅವು ಮುಂಚಿತವಾಗಿ ಗೊತ್ತಿರುವುದಿಲ್ಲ. ಒಂದು ಗಂಟೆಯಲ್ಲಿ ಮುಗಿಯುವುದು ನಾಲ್ಕೈದು ಪ್ರಶ್ನೆ. ಮೊದಲ ಪ್ರಶ್ನೆಯೇ ಹದಿನೈದು ಇಪ್ಪತ್ತು ನಿಮಿಷ ತಿನ್ನುತ್ತದೆ, ಕೊನೆಯದಕ್ಕೆ ಮೂರು ನಾಲ್ಕು ನಿಮಿಷ ಉಳಿದರೆ ಹೆಚ್ಚು. ಆದ್ದರಿಂದ ಮೊದಲ ಪ್ರಶ್ನೆ ವಲಸೆಯದೋ ಆಸ್ಪತ್ರೆಯದೋ ಎಂಬುದರ ಮೇಲೆ ಇಡೀ ರಾತ್ರಿ ಯಾರ ಅಂಗಳದಲ್ಲಿ ಆಟ ಎಂಬುದು ನಿಂತಿದೆ. ವಲಸೆ ಮೊದಲು ಬಂದರೆ ಬಲಪಕ್ಷಗಳು ತಮಗೆ ಅಭ್ಯಾಸವಿರುವ ನೆಲದಲ್ಲಿ ನಿಂತು ಮಾತಾಡುತ್ತವೆ, ಆರೋಗ್ಯಸೇವೆ ಮೊದಲು ಬಂದರೆ ಎಡಪಕ್ಷಗಳು. ಎಲ್ಲ ಪ್ಯಾನೆಲಿಸ್ಟರಿಗೂ ಸಮಾನ ನಿಮಿಷ ಕೊಟ್ಟ ಕಂತು ಕೂಡ ಈ ಕಾರಣದಿಂದ ವಾಲಿರಬಹುದು. ಪ್ರಶ್ನೆಯ ಮಾತುಗಳನ್ನೂ ಗಮನಿಸಿ: ‘ಸರ್ಕಾರ ಸೋತಿದೆಯೇ?’ ಎಂಬ ಪ್ರಶ್ನೆಗೂ ‘ಸರ್ಕಾರ ಏನು ಮಾಡಬೇಕು?’ ಎಂಬ ಪ್ರಶ್ನೆಗೂ ಉತ್ತರ ಕೊಡುವವರ ನಿಲುವು ಬೇರೆಯೇ ಆಗಿರುತ್ತದೆ. ಮೊದಲನೆಯದು ಮಂತ್ರಿಯನ್ನು ಕಟಕಟೆಗೆ ನಿಲ್ಲಿಸುತ್ತದೆ, ಎರಡನೆಯದು ಐವರನ್ನೂ ದುಡಿಸುತ್ತದೆ.

ನಿರೂಪಕರಿಗೆ ಎರಡು ಕೆಲಸ, ಎರಡೂ ಒಂದಕ್ಕೊಂದು ಅಡ್ಡ. ಸರದಿ ಕಾಯಬೇಕು, ಜೊತೆಗೆ ಸುಳ್ಳು ಅಂಕಿಅಂಶ ಬಂದಾಗ ತಿದ್ದಬೇಕು. ತಿದ್ದಿದರೆ ಪಕ್ಷ ವಹಿಸಿದಂತೆ, ಬಿಟ್ಟರೆ ಸುಳ್ಳಿಗೆ ವೇದಿಕೆ ಕೊಟ್ಟಂತೆ. ತಪ್ಪಾಗಿ ತಿದ್ದಿದರೆ ಎಲ್ಲಕ್ಕಿಂತ ಕೆಟ್ಟದ್ದು. 2019ರ ಜನವರಿಯಲ್ಲಿ ಡಾರ್ಬಿ ನಗರದ ಕಂತಿನಲ್ಲಿ ಹಾಗಾಯಿತು. ಸಮೀಕ್ಷೆಗಳಲ್ಲಿ ಲೇಬರ್ ತುಂಬ ಹಿಂದಿದೆ ಎಂದು ಒಬ್ಬ ಅತಿಥಿ ಹೇಳಿದರು, ಲೇಬರ್ ಪಕ್ಷದ ಡಯೇನ್ ಆ್ಯಬಟ್ ಸರಿಸಮವಿದ್ದೇವೆ ಎಂದರು, ಆಗ ನಿರೂಪಕಿ ಫಿಯೋನಾ ಬ್ರೂಸ್ ಲೇಬರ್ ಹಿಂದಿರುವುದು ಖಂಡಿತ ಎಂಬರ್ಥದ ಮಾತು ಸೇರಿಸಿದರು. ಆ ದಿನ ಬಂದ ಒಂದು ಸಮೀಕ್ಷೆಯಲ್ಲಿ ಕನ್ಸರ್ವೇಟಿವ್ ಮುಂದಿದ್ದದ್ದು ನಿಜ. ಆದರೆ ಬೇರೆ ಸಮೀಕ್ಷೆಗಳಲ್ಲಿ ಲೇಬರ್ ಸಮವಾಗಿ ಅಥವಾ ಮುಂದಿತ್ತು. ಆ ಹಿನ್ನೆಲೆಯನ್ನು ಹೇಳಬೇಕಿತ್ತು ಎಂದು ಬಿಬಿಸಿ ಆಮೇಲೆ ಸ್ಪಷ್ಟಪಡಿಸಿತು. ಸ್ಪಷ್ಟನೆ ತಲುಪುವುದು ಎಷ್ಟು ಜನರನ್ನು? ಆ ರಾತ್ರಿ ನೋಡಿದವರಲ್ಲಿ ಬಹುಪಾಲು ಜನ ಅದನ್ನು ಓದಿರಲಾರರು. ಸಮೀಕ್ಷೆ, ನಿರುದ್ಯೋಗ, ಆಸ್ಪತ್ರೆಯ ಕಾಯುವ ಪಟ್ಟಿ, ವಲಸೆಯ ಸಂಖ್ಯೆ ಇವು ಚರ್ಚೆಗೆ ಬಂದೇ ಬರುತ್ತವೆ. ಒಂದು ಪುಟದ ಅಂಕಿಪಟ್ಟಿ ನಿರೂಪಕರ ಮುಂದಿದ್ದು, ‘ಇಂಥ ತಿಂಗಳ ಅಧಿಕೃತ ಅಂಕಿ ಇದು’ ಎಂದು ಓದಿ ಹೇಳುವ ಪದ್ಧತಿ ಇದ್ದರೆ ತಿದ್ದುಪಡಿಗೆ ವೈಯಕ್ತಿಕ ಬಣ್ಣ ಬರುವುದಿಲ್ಲ.

ಕಾರ್ಯಕ್ರಮ ತನ್ನ ಚೌಕಟ್ಟನ್ನೇ ಬದಲಿಸಿಕೊಂಡ ಒಂದು ರಾತ್ರಿ 2009ರ ಅಕ್ಟೋಬರ್ 22. ಕಡು ಬಲಪಂಥೀಯ ಬ್ರಿಟಿಷ್ ನ್ಯಾಷನಲ್ ಪಾರ್ಟಿಯ ನಾಯಕ ನಿಕ್ ಗ್ರಿಫಿನ್ ಅವರನ್ನು ಪ್ಯಾನೆಲ್‌ಗೆ ಕರೆದಿದ್ದರು. ಆ ವರ್ಷದ ಯುರೋಪಿಯನ್ ಚುನಾವಣೆಯಲ್ಲಿ ಅವರ ಪಕ್ಷ ಶೇ 6ರಷ್ಟು ಮತ, ಎರಡು ಸ್ಥಾನ ಗಳಿಸಿತ್ತು, ಹಾಗಾಗಿ ಕರೆಯಲೇಬೇಕೆಂಬುದು ಬಿಬಿಸಿಯ ವಾದ. ಬಿಬಿಸಿಯ ಟೆಲಿವಿಷನ್ ಸೆಂಟರ್ ಹೊರಗೆ ಪ್ರತಿಭಟನೆ, ಒಳಗೆ ಕಾವೇರಿದ ಸಭೆ, ಸುಮಾರು 80 ಲಕ್ಷ ವೀಕ್ಷಕರು. ಕರೆದದ್ದನ್ನು ಸಮರ್ಥಿಸಬಹುದು. ಕರೆದ ಮೇಲೆ ನಡೆಸಿದ ರೀತಿಯನ್ನು ಸಮರ್ಥಿಸುವುದು ಕಷ್ಟ. ವಾರದ ವಿದ್ಯಮಾನಗಳ ಬದಲು ಕಾರ್ಯಕ್ರಮದ ಹೆಚ್ಚಿನ ಭಾಗ ಗ್ರಿಫಿನ್ ಮತ್ತವರ ಪಕ್ಷದ ವಿಚಾರಣೆಯೇ ಆಯಿತು. ಜನಾಂಗದ ಬಗ್ಗೆ ಅವರು ಹಿಂದೆ ಆಡಿದ ಮಾತುಗಳನ್ನು ಕೆದಕಿದ್ದು ಸರಿಯೇ, ಆದರೆ ಅಂಚೆ ವ್ಯವಸ್ಥೆ, ಬ್ಯಾಂಕು, ಶಾಲೆಗಳ ಬಗ್ಗೆ ಆ ಪಕ್ಷಕ್ಕೆ ಏನಾದರೂ ನೀತಿ ಇದೆಯೇ ಎಂದು ಉಳಿದವರಂತೆಯೇ ಕೇಳಿದ್ದರೆ ಅವರ ಟೊಳ್ಳು ಇನ್ನೂ ಚೆನ್ನಾಗಿ ಕಾಣುತ್ತಿತ್ತು. ಒಬ್ಬರಿಗಾಗಿ ನಿಯಮ ಬದಲಿಸಿದ್ದರಿಂದ ತಮ್ಮ ಮೇಲೆ ಎಲ್ಲರೂ ಮುಗಿಬಿದ್ದರು ಎಂದು ದೂರಲು ಅವರಿಗೆ ಅವಕಾಶ ಸಿಕ್ಕಿತು. ಅಂಚಿನ ಪಕ್ಷಗಳನ್ನು ಕರೆಯುವ ಯಾವ ವಾಹಿನಿಗೂ ಈ ಕಂತು ಪಾಠವಾಗಬೇಕು.

ಕಾನೂನು ಏನು ಹೇಳುತ್ತದೆ? ಪ್ರಸಾರ ನಿಯಂತ್ರಕ ಸಂಸ್ಥೆ ಆಫ್‌ಕಾಮ್‌ನ ಸಂಹಿತೆಯ ಐದನೆಯ ಅಧ್ಯಾಯ ‘ತಕ್ಕ ಮಟ್ಟಿನ’ ನಿಷ್ಪಕ್ಷಪಾತವನ್ನು ಕೇಳುತ್ತದೆ. ವಿಷಯಕ್ಕೂ ಕಾರ್ಯಕ್ರಮದ ಸ್ವರೂಪಕ್ಕೂ ತಕ್ಕಷ್ಟು ಎಂದರ್ಥ. ಪ್ರತಿ ಅಭಿಪ್ರಾಯಕ್ಕೂ ಸಮಾನ ಸಮಯ ಹಂಚಬೇಕಿಲ್ಲ ಎಂದು ಅದೇ ಸಂಹಿತೆ ಹೇಳುತ್ತದೆ. ಬಿಬಿಸಿಯ ನಿಷ್ಪಕ್ಷಪಾತದ ಮೇಲ್ವಿಚಾರಣೆಯೂ 2017ರ ಏಪ್ರಿಲ್‌ನಿಂದ ಆಫ್‌ಕಾಮ್‌ಗೆ ಸೇರಿದೆ. ಸಮಾನ ಸಮಯವೇ ನ್ಯಾಯ ಎಂದುಕೊಂಡವರು ಎಡವುವುದು ಇಲ್ಲಿಯೇ. ವಿಜ್ಞಾನ ಸ್ಪಷ್ಟವಾಗಿ ಹೇಳಿದ ವಿಷಯದಲ್ಲಿ ಅದನ್ನು ನಿರಾಕರಿಸುವವರಿಗೂ ಅರ್ಧ ಸಮಯ ಕೊಟ್ಟರೆ ಅದು ಹುಸಿ ಸಮತೋಲನ. 2017ರಲ್ಲಿ ಬಿಬಿಸಿ ರೇಡಿಯೊದ ‘ಟುಡೇ’ ಕಾರ್ಯಕ್ರಮದಲ್ಲಿ ಮಾಜಿ ಹಣಕಾಸು ಮಂತ್ರಿ ನೈಜೆಲ್ ಲಾಸನ್ ಹವಾಮಾನದ ಬಗ್ಗೆ ಹೇಳಿದ ತಪ್ಪು ಮಾತುಗಳನ್ನು ಪ್ರಶ್ನಿಸದೆ ಬಿಟ್ಟದ್ದಕ್ಕೆ 2018ರಲ್ಲಿ ಆಫ್‌ಕಾಮ್ ಬಿಬಿಸಿಯನ್ನು ತಪ್ಪಿತಸ್ಥನೆಂದಿತು. ಭೂಮಿಯ ಉಷ್ಣತೆ ಏರುತ್ತಿದೆಯೇ ಎಂಬುದಕ್ಕೆ ಎರಡು ಕಡೆಗಳಿಲ್ಲ. ಏರಿಕೆ ತಡೆಯಲು ಯಾರು ಎಷ್ಟು ತೆರಿಗೆ ಕೊಡಬೇಕು ಎಂಬುದಕ್ಕೆ ಐದಾರು ಕಡೆಗಳಿವೆ. ಪ್ಯಾನೆಲ್ ಕಟ್ಟುವವರು ಮೊದಲನೆಯದಕ್ಕೆ ಜಗಳ ಹಚ್ಚದೆ ಎರಡನೆಯದಕ್ಕೆ ಆ ಐದಾರು ಜನರನ್ನು ಹುಡುಕಬೇಕು.

ಕಾರ್ಯಕ್ರಮ ಮುಗಿದ ಮೇಲಿನ ತುಣುಕುಗಳ ಬಗ್ಗೆಯೂ ಒಂದು ಮಾತು. ಪೂರ್ತಿ ಗಂಟೆ ನೋಡುವವರಿಗಿಂತ ನಲವತ್ತು ಸೆಕೆಂಡಿನ ತುಣುಕು ನೋಡುವವರೇ ಈಗ ಎಷ್ಟೋ ಪಾಲು ಹೆಚ್ಚು. 2019ರ ನವೆಂಬರ್‌ನಲ್ಲಿ ನಡೆದ ನಾಯಕರ ವಿಶೇಷ ಕಂತಿನಲ್ಲಿ, ನಿಮ್ಮ ಸ್ಥಾನದಲ್ಲಿರುವವರು ನಿಜ ಹೇಳುವುದು ಎಷ್ಟು ಮುಖ್ಯ ಎಂದು ಪ್ರಧಾನಿ ಬೋರಿಸ್ ಜಾನ್ಸನ್ ಅವರನ್ನು ಕೇಳಿದಾಗ ಸಭಿಕರು ನಕ್ಕರು. ಮರುದಿನ ಮಧ್ಯಾಹ್ನದ ಬಿಬಿಸಿ ಸುದ್ದಿಯಲ್ಲಿ ಆ ನಗು ಕತ್ತರಿಸಿಹೋಗಿತ್ತು. ಸಮಯಕ್ಕಾಗಿ ಚಿಕ್ಕದು ಮಾಡಿದ್ದು, ಆದರೆ ತಪ್ಪಾಯಿತು ಎಂದು ಬಿಬಿಸಿ ಒಪ್ಪಿಕೊಂಡಿತು. ಒಂದು ಗಂಟೆಯ ಕಾರ್ಯಕ್ರಮದಲ್ಲಿ ಕಾಪಾಡಿಕೊಂಡ ಸಮತೋಲನ ಸುದ್ದಿಮನೆಯ ಐದು ಸೆಕೆಂಡಿನ ಕತ್ತರಿಯಲ್ಲಿ ಹೋಗಬಹುದು.

ಕಂತನ್ನು ನೀವೇ ಅಳೆಯಬೇಕೆಂದಿದ್ದರೆ ಒಂದು ಹಾಳೆ, ಒಂದು ಸ್ಟಾಪ್‌ವಾಚ್ ಸಾಕು. ಬರಿಯ ಅನಿಸಿಕೆಯನ್ನು ನಂಬಲಾಗದು: 1985ರಲ್ಲಿ ಪ್ರಕಟವಾದ ಸ್ಟ್ಯಾನ್‌ಫರ್ಡ್ ಪ್ರಯೋಗದಲ್ಲಿ ಒಂದೇ ಸುದ್ದಿ ತುಣುಕುಗಳನ್ನು ನೋಡಿದ ಇಸ್ರೇಲ್ ಪರ ವಿದ್ಯಾರ್ಥಿಗಳೂ ಅರಬ್ ಪರ ವಿದ್ಯಾರ್ಥಿಗಳೂ ಅವು ತಮ್ಮ ವಿರುದ್ಧವೇ ವಾಲಿವೆ ಎಂದಿದ್ದರು. ಹಾಳೆಯಲ್ಲಿ ಐದು ಸಾಲು, ಪ್ರತಿ ಪ್ಯಾನೆಲಿಸ್ಟರಿಗೆ ಒಂದು. ಕಂತು ನೋಡುವ ಮುನ್ನವೇ ಅವರ ಒಲವನ್ನು ಬರೆದಿಡಿ, ನೋಡಿದ ಮೇಲೆ ಬದಲಿಸಬೇಡಿ. ಸಾಧ್ಯವಾದರೆ ನಿಮ್ಮ ವಿರುದ್ಧ ಒಲವಿನ ಒಬ್ಬರಿಂದ ಬೇರೆಯಾಗಿ ಬರೆಸಿ. ಐದರಲ್ಲಿ ನಾಲ್ಕಕ್ಕಾದರೂ ಇಬ್ಬರ ಬರಹ ಹೊಂದದಿದ್ದರೆ ನಿಮ್ಮ ವಿಂಗಡಣೆಯೇ ಸರಿಯಿಲ್ಲ. ಪ್ರತಿಯೊಬ್ಬರಿಗೂ ಐದು ಕಲಂ: ಒಟ್ಟು ಮಾತಿನ ಸೆಕೆಂಡು, ನಿರೂಪಕಿ ವಾಕ್ಯದ ನಡುವೆ ತಡೆದದ್ದು, ಪ್ರಶ್ನೆಗೆ ಮೊದಲು ಉತ್ತರಿಸಿದ್ದು, ಕೊನೆಯ ಮಾತು ಸಿಕ್ಕಿದ್ದು, ಬೇರೆಯವರು ಮಾತಾಡುವಾಗ ಇವರ ಮುಖಭಾವಕ್ಕೆ ಕ್ಯಾಮೆರಾ ಹೋದದ್ದು. ಕೊನೆಯ ಕಲಂ ವಿಚಿತ್ರವೆನಿಸಬಹುದು, ಆದರೆ ಒಬ್ಬರು ಮಾತಾಡುವಾಗ ಎದುರಾಳಿ ತಲೆಯಾಡಿಸಿ ನಗುವುದನ್ನು ಮೂರು ಸಲ ತೋರಿಸಿದರೆ ಆ ಮಾತಿನ ತೂಕ ಇಳಿದಂತೆಯೇ.

ಲೆಕ್ಕ ಹೀಗೆ ಬೀಳುತ್ತದೆ: 60 ನಿಮಿಷದಲ್ಲಿ ನಿರೂಪಕಿಗೆ 8, ಸಭಿಕರಿಗೆ 12 ಎಂದಿಟ್ಟುಕೊಂಡರೆ ಉಳಿದದ್ದು 40, ತಲಾ 8 ನಿಮಿಷ. ಒಂದೂವರೆ ನಿಮಿಷದ ಏರುಪೇರು ಲೆಕ್ಕಕ್ಕಿಲ್ಲ. ಮಂತ್ರಿಗೆ 11 ನಿಮಿಷ ಸಿಕ್ಕಿದ್ದರೆ ತಕ್ಷಣ ಪಕ್ಷಪಾತವೆನ್ನಬೇಡಿ. ನಾಲ್ವರ ಆರೋಪಕ್ಕೂ ಉತ್ತರ ಕೊಡಬೇಕಾದವರು ಅವರು, ತಡೆಗಳ ಕಲಂನಲ್ಲೂ ಅವರ ಸಂಖ್ಯೆಯೇ ಹೆಚ್ಚಿರುತ್ತದೆ. ಎರಡನ್ನೂ ಕೂಡಿಸಿ ಓದಬೇಕು. ತಡೆ ಮತ್ತು ಮರುಪ್ರಶ್ನೆ ಬೇರೆ: ವಾಕ್ಯ ಮುಗಿದ ಮೇಲೆ ಕೇಳಿದ್ದು ಮರುಪ್ರಶ್ನೆ, ಅದನ್ನು ತಡೆಗೆ ಸೇರಿಸಿದರೆ ಕಠಿಣವಾಗಿ ಪ್ರಶ್ನಿಸುವ ಒಳ್ಳೆಯ ನಿರೂಪಕರೇ ತಪ್ಪಿತಸ್ಥರಾಗುತ್ತಾರೆ. ಒಂದು ಕಂತಿನಿಂದ ಏನೂ ಸಾಬೀತಾಗದು. ಬೇರೆಬೇರೆ ಊರಿನ ಹತ್ತು ಹನ್ನೆರಡು ಕಂತು ನೋಡಿದ ಮೇಲೆ ನಾಲ್ಕನೆಯ, ಐದನೆಯ ಕುರ್ಚಿಗಳ ಪಟ್ಟಿಯನ್ನು ಒಟ್ಟಿಗೆ ಇಟ್ಟರೆ ಚಿತ್ರ ಮೂಡತೊಡಗುತ್ತದೆ.

ಒಟ್ಟಾರೆ ಈ ಬಗೆಯ ಕಾರ್ಯಕ್ರಮಗಳಲ್ಲಿ ಕ್ವೆಶ್ಚನ್ ಟೈಮ್ ಇಂದಿಗೂ ನೋಡತಕ್ಕದ್ದು. ಮಂತ್ರಿಯೊಬ್ಬರು ಮುಂಚಿತವಾಗಿ ಗೊತ್ತಿಲ್ಲದ ಪ್ರಶ್ನೆಗೆ, ಎದುರಿಗೆ ಕೂತ ದಾದಿಯೋ ಬಸ್ ಚಾಲಕನೋ ಕೇಳಿದ ಪ್ರಶ್ನೆಗೆ ಉತ್ತರಿಸಬೇಕಾದ ವೇದಿಕೆ ಬೇರೆಡೆ ಕಡಿಮೆ. ಪ್ಯಾನೆಲಿಸ್ಟರು ತಮ್ಮತಮ್ಮಲ್ಲೇ ಜಗಳಾಡುವ ಭಾಗಗಳಿಗಿಂತ ಸಭಿಕರೊಬ್ಬರು ಎರಡನೆಯ ಸಲ ಎದ್ದು ‘ನನ್ನ ಪ್ರಶ್ನೆಗೆ ಉತ್ತರ ಸಿಗಲಿಲ್ಲ’ ಎನ್ನುವ ಭಾಗಗಳೇ ಹೆಚ್ಚು ಬೆಲೆಯುಳ್ಳವು.

ದೂರು ಕೊಡುವ ವೀಕ್ಷಕರು ಗಮನಿಸಬೇಕಾದದ್ದು: ಮೊದಲು ಬಿಬಿಸಿಗೇ ಬರೆಯಬೇಕು, ಪ್ರಸಾರವಾದ 30 ಕೆಲಸದ ದಿನಗಳ ಒಳಗೆ. ಉತ್ತರ ಸಾಲದೆನಿಸಿದರೆ 20 ಕೆಲಸದ ದಿನಗಳಲ್ಲಿ ಮತ್ತೆ ಬರೆಯಬಹುದು, ಆಮೇಲೆ ಬಿಬಿಸಿಯ ಕಾರ್ಯನಿರ್ವಾಹಕ ದೂರು ಘಟಕ, ಅಲ್ಲಿಯೂ ತೃಪ್ತಿಯಾಗದಿದ್ದರೆ ಮಾತ್ರ ಆಫ್‌ಕಾಮ್. ‘ಕಾರ್ಯಕ್ರಮ ಪಕ್ಷಪಾತಿ’ ಎಂದು ಬರೆದ ದೂರಿಗೆ ಸಿಗುವುದು ಸಿದ್ಧ ಉತ್ತರ. ಕಂತಿನ ದಿನಾಂಕ, ನಿಮಿಷ ಮತ್ತು ಸೆಕೆಂಡು, ಆಡಿದ ಮಾತು ಅಕ್ಷರಶಃ, ಅದಕ್ಕೆ ವಿರುದ್ಧವಾದ ಅಧಿಕೃತ ಅಂಕಿ, ಸಂಹಿತೆಯ ಯಾವ ಅಂಶ ಮುರಿದಿದೆ ಎಂಬುದು, ಇಷ್ಟನ್ನು ಒಂದು ದೂರಿಗೆ ಒಂದೇ ವಿಷಯದಂತೆ ಬರೆಯಿರಿ. ಒಂದೇ ಪತ್ರದಲ್ಲಿ ಆರು ವಿಷಯ ಸೇರಿಸಿದರೆ ಸುಲಭವಾದ ಒಂದಕ್ಕೆ ಉತ್ತರ ಕೊಟ್ಟು ಉಳಿದ ಐದನ್ನು ಬಿಟ್ಟುಬಿಡುವ ಅಪಾಯವಿದೆ.